ಕೈಗೂ ಬ್ಲೇಡಿಗೂ ನಡುವೆ ಎರಡು ಮೊಳ

ಮೇವು ಕತ್ತರಿಸುವ ಯಂತ್ರಕ್ಕೆ ಯಾರದೋ ಕೈ ಸಿಕ್ಕಿತು ಎಂಬ ಸುದ್ದಿ ಬಂದರೆ ಊರಲ್ಲಿ ಮೊದಲು ಹೊರಡುವ ಮಾತು ‘ಗ್ಯಾನ ಎಲ್ಲಿತ್ತೋ ಏನೋ’ ಎಂಬುದು. ಆಸ್ಪತ್ರೆಯ ಚೀಟಿ, ಪೊಲೀಸರ ಹೇಳಿಕೆ, ವಿಮೆಯ ಅರ್ಜಿ ಎಲ್ಲದರಲ್ಲೂ ‘ಅಜಾಗರೂಕತೆ’ ಎಂದೇ ಬರೆದು ಮುಗಿಸುತ್ತಾರೆ. ಬೆರಳು ಕಳೆದುಕೊಂಡವರೂ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಯಂತ್ರ ಮಾತ್ರ ಇದ್ದ ಹಾಗೇ ಇರುತ್ತದೆ. ಮರುದಿನ ಅದೇ ಬಾಯಿಗೆ ಮನೆಯ ಇನ್ನೊಬ್ಬರು ಮೇವು ತಳ್ಳುತ್ತಾರೆ. ನಿಜ ಏನೆಂದರೆ, ಈ ಯಂತ್ರಗಳ ವೇಗಕ್ಕೆ ಮನುಷ್ಯನ ಗಮನ ಸಾಲುವುದೇ ಇಲ್ಲ. ಎಷ್ಟು ಸಾಲುವುದಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು.

ಕಾಲು ಸೆಕೆಂಡಿನ ಲೆಕ್ಕ

ಹೈನು ಇಟ್ಟವರ ಮನೆಯಲ್ಲಿ ಸಾಮಾನ್ಯವಾಗಿ ಕಾಣುವ 2 ಎಚ್‌ಪಿ ಮೋಟಾರಿನ ಚಾಫ್ ಕಟರನ್ನೇ ತೆಗೆದುಕೊಳ್ಳಿ. ತಗಡಿನ ದೋಣಿಯಲ್ಲಿಟ್ಟ ಮೇವನ್ನು ಹಲ್ಲುಗಳಿರುವ ಎರಡು ರೋಲರ್‌ಗಳು ಕಚ್ಚಿ ಒಳಗೆಳೆಯುತ್ತವೆ. ರೋಲರ್ ದಾಟಿದ ಕೂಡಲೇ ಫ್ಲೈವೀಲ್ ಎಂಬ ಭಾರದ ಚಕ್ರಕ್ಕೆ ಬೋಲ್ಟ್ ಹಾಕಿದ ಎರಡು ಬ್ಲೇಡುಗಳು ಅದನ್ನು ತುಂಡು ಮಾಡುತ್ತವೆ. ಫ್ಲೈವೀಲ್ ನಿಮಿಷಕ್ಕೆ 300 ಸುತ್ತು ಹಾಕುತ್ತಿದೆ ಎಂದುಕೊಂಡರೆ ಸೆಕೆಂಡಿಗೆ 5 ಸುತ್ತು, ಎರಡು ಬ್ಲೇಡಿನಿಂದ 10 ಕಡಿತ. ತುಂಡಿನ ಉದ್ದ 2 ಸೆಂಟಿಮೀಟರ್ ಇದ್ದರೆ ರೋಲರ್‌ಗಳು ಸೆಕೆಂಡಿಗೆ 20 ಸೆಂಟಿಮೀಟರ್ ಮೇವು ಎಳೆದುಕೊಳ್ಳುತ್ತಿವೆ ಎಂದರ್ಥ.

ಬೆರಳ ತುದಿಗೆ ಏನೋ ತಾಗಿತು ಎಂಬುದು ಮೆದುಳಿಗೆ ತಿಳಿದು, ಕೈ ಹಿಂದಕ್ಕೆ ಬರಲು ಶುರುವಾಗುವುದಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ರೋಲರ್ 5 ಸೆಂಟಿಮೀಟರ್ ಎಳೆದಿರುತ್ತದೆ, ಅಂದರೆ ಬೆರಳಿನ ಎರಡು ಗಿಣ್ಣು ಒಳಗೆ. ಬ್ಲೇಡು ಎರಡು ಬಾರಿ ಬಂದು ಹೋಗಿರುತ್ತದೆ. ಅರ್ಧ ಸೆಕೆಂಡಾದರೆ 10 ಸೆಂಟಿಮೀಟರ್, ಬೆರಳು ದಾಟಿ ಅಂಗೈ. ಆಗ ಕೈ ಹಿಂದಕ್ಕೆಳೆದರೂ ಬರುವುದಿಲ್ಲ. ಕಡ್ಡಿ ಜಾರದಂತೆ ಹಿಡಿಯಲೆಂದೇ ರೋಲರಿಗೆ ಹಲ್ಲು ಕೊಟ್ಟಿರುವುದು, ಮೇಲಿನ ರೋಲರನ್ನು ಸ್ಪ್ರಿಂಗು ಒತ್ತಿ ಹಿಡಿದಿರುವುದು. ಎಂಥ ಹುಷಾರಿನ ಮನುಷ್ಯನ ನರವೂ ಇದಕ್ಕಿಂತ ಬೇಗ ಓಡುವುದಿಲ್ಲ.

ಸ್ವಿಚ್ ಆರಿಸಿದರೆ ಆಯಿತಲ್ಲ ಎನ್ನಬಹುದು. ಫ್ಲೈವೀಲ್ ಎಂಬುದು ಇರುವುದೇ ವೇಗವನ್ನು ಕೂಡಿಟ್ಟುಕೊಳ್ಳಲು. ಕರೆಂಟು ನಿಂತ ಮೇಲೂ ಅದು ತನ್ನ ಭಾರಕ್ಕೆ ತಿರುಗುತ್ತಲೇ ಇರುತ್ತದೆ, ರೋಲರ್‌ಗಳು ಅದೇ ಗೇರಿಗೆ ಜೋಡಿಸಿರುವುದರಿಂದ ಅವೂ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಕೈ ಉಳಿಯುವ ದಾರಿ ಒಂದೇ: ಕೈ ಅಲ್ಲಿಯವರೆಗೆ ಮುಟ್ಟಲೇಬಾರದು. ಇದು ಅಳತೆಯ ವಿಷಯ, ಶ್ರದ್ಧೆಯ ವಿಷಯ ಆಮೇಲೆ.

ಆ ಅಳತೆ ಎಷ್ಟು?

ವಿದ್ಯುತ್ ಅಥವಾ ಟ್ರ್ಯಾಕ್ಟರಿನಿಂದ ನಡೆಯುವ ಒಕ್ಕಣೆ ಯಂತ್ರಗಳಿಗೆ ಭಾರತೀಯ ಮಾನಕ ಬ್ಯೂರೋದ ಸುರಕ್ಷತಾ ಮಾನದಂಡವೊಂದಿದೆ, ಐಎಸ್ 9020. ಪೈರು ಹಾಕುವ ದೋಣಿ ಕನಿಷ್ಠ 900 ಮಿಲಿಮೀಟರ್ ಉದ್ದ ಇರಬೇಕು, ಅದರಲ್ಲಿ ಡ್ರಮ್ಮಿನ ಕಡೆಯ 450 ಮಿಲಿಮೀಟರ್ ಮೇಲಿಂದ ಮುಚ್ಚಿರಬೇಕು ಎನ್ನುತ್ತದೆ ಅದು. ಈ ಅಂಕಿಗಳನ್ನು ನೆನಪಿಡಲು ಟೇಪು ಬೇಡ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಹತ್ತಿರ ಹತ್ತಿರ 450 ಮಿಲಿಮೀಟರ್. ಎರಡು ಮೊಳ ಉದ್ದ, ಒಂದು ಮೊಳ ಮುಚ್ಚು. ಚಾಚಿದ ತೋಳಿಗಿಂತ ದೋಣಿ ಉದ್ದವಿದ್ದರೆ ತೂಕಡಿಕೆ ಬಂದರೂ, ಕಾಲು ಜಾರಿ ಮುಂದಕ್ಕೆ ಬಿದ್ದರೂ ಬೆರಳು ಡ್ರಮ್ಮಿಗೆ ಎಟುಕುವುದಿಲ್ಲ. ಯಂತ್ರಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 13857 ಕೂಡ, ಕೈ ತೂರುವಷ್ಟು ಅಗಲದ ಕಿಂಡಿ ಇದ್ದರೆ ಅಪಾಯದ ಭಾಗ 850 ಮಿಲಿಮೀಟರ್ ದೂರ ಇರಬೇಕು ಎಂದೇ ಹೇಳುತ್ತದೆ. ಎರಡೂ ಅಂಕಿ ಹುಟ್ಟಿದ್ದು ಮನುಷ್ಯನ ತೋಳಿನ ಉದ್ದದಿಂದ, ಆದ್ದರಿಂದ ಮೇವಿನ ಯಂತ್ರಕ್ಕೂ ಅದೇ ಲೆಕ್ಕ.

ಇದು ಹೊಸ ಅರಿವೇನೂ ಅಲ್ಲ. ಒಕ್ಕಣೆ ಯಂತ್ರಗಳು ಕೈ ತಿನ್ನುತ್ತಿವೆ ಎಂಬ ಕಾರಣಕ್ಕೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಮಾಡಿತು. ಆದರೂ ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸಿದ ಯಂತ್ರಗಳಲ್ಲಿ ದೋಣಿ ಒಂದೂವರೆ ಅಡಿಗೇ ಮುಗಿಯುತ್ತದೆ. ಉದ್ದ ದೋಣಿಗೆ ತಗಡು ಹೆಚ್ಚು, ಸಾಗಿಸುವುದು ಕಷ್ಟ, ‘ತಳ್ಳೋಕೆ ತ್ರಾಸು’ ಎಂಬ ದೂರು ಬೇರೆ. ಹೊಸದಾಗಿ ಕೊಳ್ಳುವವರು ಸಬ್ಸಿಡಿ, ಎಚ್‌ಪಿ, ಗಂಟೆಗೆ ಎಷ್ಟು ಕಿಲೋ ಎಂದೆಲ್ಲ ಕೇಳುವ ಮೊದಲು ಅಂಗಡಿಯಲ್ಲೇ ತೋಳು ಚಾಚಿ ನೋಡಬೇಕು. ಪ್ಲಗ್ಗು ಕಿತ್ತಿಟ್ಟು ದೋಣಿಯ ಮುಂದೆ ಕೆಲಸಕ್ಕೆ ನಿಲ್ಲುವ ಹಾಗೆಯೇ ನಿಂತು ಕೈ ನೀಡಿ, ಬೆರಳು ರೋಲರಿಗೆ ತಾಗಿದರೆ ಆ ಯಂತ್ರ ಬೇಡ. ಈಗಾಗಲೇ ಮನೆಯಲ್ಲಿರುವುದಾದರೆ ಬೆಸುಗೆಯವರಿಂದ ದೋಣಿಯನ್ನು ಉದ್ದ ಮಾಡಿಸಿ, ಒಳಗಿನ ಅರ್ಧಕ್ಕೆ ಮೇಲ್ಮುಚ್ಚಳ ಹಾಕಿಸಬಹುದು. ಮುಚ್ಚಳದ ಎತ್ತರ ಒಂದು ಹಿಡಿ ಮೇವು ಹೋಗುವಷ್ಟೇ ಇರಲಿ. ಅಂಚನ್ನು ಮಡಚಿಸಿ, ಇಲ್ಲವಾದರೆ ಆ ತಗಡೇ ಕೈ ಕುಯ್ಯುತ್ತದೆ. ಒಂದು ದಿನದ ಕೂಲಿ, ಒಂದಿಷ್ಟು ತಗಡು ಇದ್ದರೆ ಸಾಕು.

ಇನ್ನೊಂದು ಉಪಾಯವೂ ಇದೆ. ರೋಲರ್‌ಗಳಿಗೆ ಮೊದಲೇ ದೋಣಿಗೆ ಅಡ್ಡಲಾಗಿ ತಾನಾಗಿ ತಿರುಗುವ ಸಣ್ಣ ಮರದ ಉರುಳೆ ಕೂರಿಸುವುದು. ಮೇವು ಅದರ ಕೆಳಗೆ ಸಾಗುತ್ತದೆ, ಕೈ ಬಂದರೆ ಗಿಣ್ಣಿಗೆ ತಾಗಿ ಎಚ್ಚರಿಸುತ್ತದೆ. ಅದಕ್ಕೆ ಎಳೆಯುವ ಶಕ್ತಿ ಇಲ್ಲದ್ದರಿಂದ ಕೈಗೆ ಏನೂ ಆಗುವುದಿಲ್ಲ.

ಕೈ ಒಳಗೆ ಹೋಗುವುದು ಯಾವಾಗ?

ಉದ್ದದ ಕಡ್ಡಿ ತಳ್ಳುವಾಗ ಕೈ ದೂರವೇ ಇರುತ್ತದೆ. ಅನಾಹುತ ಆಗುವುದು ಕೊನೆಯ ಗೇಣುದ್ದದ ತುಂಡನ್ನು ತಳ್ಳುವಾಗ, ಮತ್ತು ಸಿಕ್ಕಿಕೊಂಡದ್ದನ್ನು ಬಿಡಿಸುವಾಗ. ತುಂಡು ಉಳಿದರೆ ಅದನ್ನು ಮುಂದಿನ ಹಿಡಿಯಿಂದಲೇ ತಳ್ಳಬೇಕು. ಕಟ್ಟಕಡೆಯ ಹಿಡಿಗೆ ಒಂದು ಗಜದ ಮರದ ಕೋಲನ್ನು ಯಂತ್ರಕ್ಕೇ ದಾರದಿಂದ ಕಟ್ಟಿಟ್ಟಿರಬೇಕು. ಹುಡುಕಬೇಕಾದ ಕೋಲನ್ನು ಯಾರೂ ಬಳಸುವುದಿಲ್ಲ. ಕಬ್ಬಿಣದ ಸರಳು ಬೇಡ. ಮರವನ್ನು ಬ್ಲೇಡು ಕತ್ತರಿಸಿ ಹಾಕುತ್ತದೆ, ಕಬ್ಬಿಣ ತಾಗಿದರೆ ಬ್ಲೇಡೇ ಒಡೆದು ಚೂರು ಹಾರುತ್ತದೆ.

ಸಿಕ್ಕಿಕೊಳ್ಳುವುದಕ್ಕೆ ಹೆಚ್ಚಿನ ಸಲ ಬ್ಲೇಡೇ ಕಾರಣ. ಬ್ಲೇಡು ಮೊಂಡಾದರೆ, ಅಥವಾ ಬ್ಲೇಡಿಗೂ ಅದರ ಎದುರಿನ ಪಟ್ಟಿಗೂ ನಡುವಿನ ಸಂದು ಹಿಗ್ಗಿದರೆ ಹಸಿ ನೇಪಿಯರ್ ಹುಲ್ಲು ಕತ್ತರಿಸದೆ ಮಡಚಿಕೊಂಡು ಆ ಸಂದಿಗೆ ಸೇರುತ್ತದೆ. ರೋಲರ್ ಎಳೆಯುತ್ತದೆ, ಮುಂದೆ ದಾರಿ ಇಲ್ಲ, ಬಾಯಿ ಕಟ್ಟುತ್ತದೆ. ಆಗ ಕೈ ತಾನಾಗಿಯೇ ಒಳಗೆ ಹೋಗುತ್ತದೆ. ಆದ್ದರಿಂದ ಬ್ಲೇಡು ಮಸೆಯುವುದು, ಸಂದು ಸರಿಮಾಡುವುದು ಯಂತ್ರದ ಆರೈಕೆಯಷ್ಟೇ ಕೈಯ ಆರೈಕೆಯೂ ಹೌದು. ಈ ಕೆಲಸ ಮಾಡುವಾಗ ಫ್ಲೈವೀಲಿಗೆ ಪಿನ್ನು ಹಾಕಿ ಅಲುಗದಂತೆ ಮಾಡಿರಬೇಕು. ಮೋಟಾರು ನಿಂತಿದ್ದರೂ ಸಾಲದು, ಏಕೆಂದರೆ ಒಂದು ಬ್ಲೇಡನ್ನು ಬಿಚ್ಚಿ ತೆಗೆದ ಕೂಡಲೇ ಚಕ್ರದ ತೂಕ ಒಂದು ಕಡೆಗೆ ವಾಲಿ ಅರ್ಧ ಸುತ್ತು ತಿರುಗಬಹುದು.

ಮುಂದೆ–ನ್ಯೂಟ್ರಲ್–ಹಿಂದೆ ಎಂದು ಮೂರು ಸ್ಥಾನಗಳ ಗೇರ್ ಲಿವರ್ ಇರುವ ಯಂತ್ರಗಳಲ್ಲಿ ಬಾಯಿ ಕಟ್ಟಿದರೆ ಲಿವರ್ ಹಿಂದಕ್ಕೆ ಹಾಕಿ ಮೇವನ್ನು ಹೊರಗೆ ಕಕ್ಕಿಸಬಹುದು. ಮೇವು ತಳ್ಳುವವರ ಕೈಗೆ ಆ ಲಿವರ್ ಎಟುಕಬೇಕು. ಎಷ್ಟೋ ಯಂತ್ರಗಳಲ್ಲಿ ಅದು ಆಚೆ ಬದಿಯಲ್ಲಿದೆ, ಒಂದು ಕೈ ಸಿಕ್ಕಿಕೊಂಡವರಿಗೆ ಅದನ್ನು ನ್ಯೂಟ್ರಲಿಗೆ ತಳ್ಳಲೂ ಆಗುವುದಿಲ್ಲ.

ಕರೆಂಟು ಹೋಗಿ ಬರುವ ಅಪಾಯ

ನಮ್ಮ ಹಳ್ಳಿಗಳಿಗೇ ಅಂಟಿದ ಒಂದು ಅಪಾಯದ ಬಗ್ಗೆ ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಹೆಚ್ಚಾಗಿ ಒಂದು ಸಾಲೂ ಇರುವುದಿಲ್ಲ. ಯಂತ್ರ ಓಡುತ್ತಿರುವಾಗ ಕರೆಂಟು ಹೋಗುತ್ತದೆ. ನಿಂತಿತಲ್ಲ ಎಂದು ಬಾಯಿಗೆ ಕೈ ಹಾಕಿ ಮೇವು ಬಿಡಿಸುತ್ತಾರೆ. ಸ್ವಿಚ್ಚು ಆನ್ ಆಗಿಯೇ ಇರುತ್ತದೆ. ಕರೆಂಟು ಬರುತ್ತದೆ. ಸಾಧಾರಣ 16 ಆಂಪಿಯರ್ ಸ್ವಿಚ್ಚಿಗೆ ಸಿಕ್ಕಿಸಿದ ಸಿಂಗಲ್ ಫೇಸ್ ಮೋಟಾರು ತಕ್ಷಣ ತಿರುಗಲು ಶುರುಮಾಡುತ್ತದೆ.

ಇದಕ್ಕೆ ಮದ್ದು ಡಿಒಎಲ್ (ಡೈರೆಕ್ಟ್ ಆನ್ ಲೈನ್) ಸ್ಟಾರ್ಟರ್, ಗುಂಡಿ ಒತ್ತಿ ಮೋಟಾರು ಶುರುಮಾಡುವ ಪೆಟ್ಟಿಗೆ. ಅದರೊಳಗಿನ ಕಾಯಿಲ್ ಕರೆಂಟು ಹೋದಾಗ ಸಂಪರ್ಕ ಬಿಟ್ಟುಬಿಡುತ್ತದೆ. ಕರೆಂಟು ಬಂದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ಅಲುಗುವುದಿಲ್ಲ. ಪಂಪ್‌ಸೆಟ್ಟಿಗೆ ಹಾಕುವ ಆಟೋ ಸ್ಟಾರ್ಟರನ್ನು ಮೇವಿನ ಯಂತ್ರಕ್ಕೆ, ಹಿಟ್ಟಿನ ಗಿರಣಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ ಎಂದಿಗೂ ಜೋಡಿಸಬಾರದು. ಕರೆಂಟು ಬಂದ ಕೂಡಲೇ ತಾನಾಗಿ ಶುರುಮಾಡುವುದೇ ಅದರ ಕೆಲಸ. ನಿಲ್ಲಿಸುವ ಕೆಂಪು ಗುಂಡಿ ಗೋಡೆಯ ಮೇಲೆ ದೂರದಲ್ಲಿದ್ದರೆ ಅದೂ ಉಪಯೋಗಕ್ಕಿಲ್ಲ. ಸೊಂಟದಿಂದಲೋ ಮೊಣಕಾಲಿನಿಂದಲೋ ಒತ್ತುವಂತೆ ದೋಣಿಯ ಕೆಳಗೆ ಇರಬೇಕು. ಎರಡೂ ಕೈ ಮೇವಿನಲ್ಲಿರುವವರಿಗೆ ಉಳಿಯುವುದು ಕಾಲು ಮಾತ್ರ.

ಬಿಚ್ಚಿ ರಿಪೇರಿ ಮಾಡುವ ಮೊದಲು ಪ್ಲಗ್ಗು ಕಿತ್ತು ಕಣ್ಣೆದುರು ಇಟ್ಟುಕೊಳ್ಳಬೇಕು. ಮೂರು ಫೇಸಿನದಾದರೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಫ್ಯೂಸು ರಿಪೇರಿ ಮಾಡುವವರ ಜೇಬಿನಲ್ಲೇ ಇರಬೇಕು, ಬೇರೆಯವರ ಕೈಯಲ್ಲಿ ಕೊಟ್ಟು ‘ನೋಡ್ಕೋ’ ಎನ್ನಬಾರದು.

ಬಟ್ಟೆ, ಬಳೆ, ಗ್ಲೌಸ್

ಟ್ರ್ಯಾಕ್ಟರಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ದಾಟಿಸುವ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಶಾಫ್ಟಿನ ಸುತ್ತಳತೆ 20 ಸೆಂಟಿಮೀಟರ್ ಇದ್ದರೆ ಅದಕ್ಕೆ ತಾಗಿದ ಸೆರಗು ಸೆಕೆಂಡಿಗೆ ಸುಮಾರು 1.8 ಮೀಟರ್ ಸುತ್ತಿಕೊಳ್ಳುತ್ತದೆ. ಬಟ್ಟೆ ಬಿಚ್ಚಿಕೊಳ್ಳಲು ಸಮಯವೇ ಇಲ್ಲ. ಸೀರೆ ಉಟ್ಟವರು, ಟವೆಲ್ ಹೊದ್ದವರು ಶಾಫ್ಟಿನ ಬಳಿ ಹೋಗುವಂತೆಯೇ ಇಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಒಕ್ಕಣೆ ಶುರುಮಾಡುವ ಮೊದಲೇ ಬದಲಾಯಿಸಬೇಕು.

ಗ್ಲೌಸಿನ ಬಗ್ಗೆ ಬಹಳ ಜನರಲ್ಲಿ ತಪ್ಪು ತಿಳಿವಳಿಕೆ ಇದೆ. ತಿರುಗುವ ಭಾಗದ ಹತ್ತಿರ, ಅಂದರೆ ಡ್ರಿಲ್ಲಿಂಗ್ ಮಷೀನು, ಲೇತು, ರೋಲರ್, ಬೆಲ್ಟು ಇವುಗಳ ಬಳಿ ಗ್ಲೌಸ್ ಹಾಕಲೇಬಾರದು. ಬರಿ ಚರ್ಮವಾದರೆ ಕೊಯ್ದು ಬಿಡುತ್ತದೆ. ಗ್ಲೌಸಿನ ನೂಲು ಸಿಕ್ಕಿದರೆ ಇಡೀ ಕೈಯನ್ನೇ ಎಳೆಯುತ್ತದೆ. ಗ್ಲೌಸ್ ಬೇಕಾದದ್ದು ಯಂತ್ರ ನಿಂತಾಗ: ಬ್ಲೇಡು ಬಿಚ್ಚುವಾಗ, ತಗಡು ಎತ್ತುವಾಗ, ಗಾಜು ಸಾಗಿಸುವಾಗ. ಉಂಗುರ, ಕೈಗಡಿಯಾರ, ಮಣಿಕಟ್ಟಿನ ದಾರ, ಲೋಹದ ಕಡಗ ಎಲ್ಲ ತೆಗೆದಿಡಬೇಕು. ಉಂಗುರ ಎಲ್ಲಿಗಾದರೂ ಸಿಕ್ಕಿ ಮೈಭಾರ ಅದರ ಮೇಲೆ ಬಿದ್ದರೆ ಬೆರಳಿನ ಚರ್ಮ ರಕ್ತನಾಳಗಳ ಸಮೇತ ಸುಲಿದು ಬರುತ್ತದೆ. ಲಾರಿಯಿಂದ ಹಾರುವಾಗ, ಗೇಟು ಹತ್ತಿ ಇಳಿಯುವಾಗಲೂ ಹೀಗಾಗುತ್ತದೆ, ಯಂತ್ರವೇ ಬೇಕೆಂದಿಲ್ಲ. ಅಂಥ ಬೆರಳನ್ನು ಉಳಿಸುವುದು ಕತ್ತರಿಸಿದ ಬೆರಳನ್ನು ಜೋಡಿಸುವುದಕ್ಕಿಂತ ಕಷ್ಟ.

ಮಕ್ಕಳ ವಿಷಯದಲ್ಲಿ ಕೈಯಿಂದ ತಿರುಗಿಸುವ ಹಳೆಯ ಮೇವಿನ ಯಂತ್ರವೂ ಅಷ್ಟೇ ಅಪಾಯ. ಒಂದು ಮಗು ಚಕ್ರ ತಿರುಗಿಸುತ್ತದೆ, ಇನ್ನೊಂದು ಗೇರಿನ ಹಲ್ಲಿನಲ್ಲಿ ಬೆರಳಿಡುತ್ತದೆ. ಕೆಲಸ ಮುಗಿದ ಮೇಲೆ ಚಕ್ರಕ್ಕೂ ಯಂತ್ರದ ಕಾಲಿಗೂ ಸರಪಳಿ ಸುತ್ತಿ ಬೀಗ ಹಾಕಬೇಕು, ಗೇರುಗಳ ಮೇಲೆ ತಗಡಿನ ಮುಚ್ಚಳ ಇರಬೇಕು. ಕಬ್ಬಿನ ಹಾಲಿನ ಯಂತ್ರಕ್ಕೂ ಇದೇ ನ್ಯಾಯ. ಅಲ್ಲಿ ಬ್ಲೇಡಿಲ್ಲ, ರೋಲರ್ ಮಾತ್ರ. ಹಿಂಡಿದ ಸಿಪ್ಪೆಯನ್ನು ಮತ್ತೆ ಮಡಚಿ ತೂರಿಸುವಾಗ ಬೆರಳು ಹೋಗುತ್ತದೆ. ಕಬ್ಬು ಮಾತ್ರ ಹಿಡಿಸುವಷ್ಟು ಅಗಲದ, ಗೇಣುದ್ದಕ್ಕಿಂತ ಹೆಚ್ಚು ಉದ್ದದ ಕೊಳವೆಯ ಬಾಯಿ ಇರುವ ಯಂತ್ರಗಳು ಸಿಗುತ್ತವೆ, ಅವನ್ನೇ ಕೊಳ್ಳಬೇಕು.

ಕಾರ್ಖಾನೆಯಲ್ಲಿ: ಪವರ್ ಪ್ರೆಸ್ಸು ಮತ್ತು ಗ್ರೈಂಡರು

ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸು ಬೆರಳಿಗೆ ಬಹಳ ಕೆಟ್ಟ ಯಂತ್ರ. ಹಳೆಯ ಮಾದರಿಯಲ್ಲಿ ಕೀ ಕ್ಲಚ್ ಇರುತ್ತದೆ: ಪೆಡಲ್ ಒತ್ತಿದರೆ ಕೀ ಫ್ಲೈವೀಲಿಗೆ ಕಚ್ಚಿಕೊಂಡು, ಮೇಲಿಂದ ಇಳಿದು ತಗಡು ಒತ್ತುವ ರ‍್ಯಾಮ್ ಒಂದು ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುತ್ತದೆ. ನಡುವೆ ನಿಲ್ಲಿಸುವ ದಾರಿಯೇ ಇಲ್ಲ. ಕೈ ಅಡ್ಡ ಬಂದರೆ ಬೆಳಕಿನ ಕಿರಣದಿಂದ ಗುರುತಿಸಿ ನಿಲ್ಲಿಸುವ ಲೈಟ್ ಕರ್ಟನ್ ಇಂಥ ಪ್ರೆಸ್ಸಿಗೆ ಹಾಕಿಸಿ ಸಮಾಧಾನಪಟ್ಟುಕೊಳ್ಳುವ ಮಾಲೀಕರಿದ್ದಾರೆ. ಗುರುತಿಸಿದರೂ ನಿಲ್ಲಲಾಗದ ಯಂತ್ರಕ್ಕೆ ಅದು ಬರಿಯ ಅಲಂಕಾರ. ಇಂಥ ಪ್ರೆಸ್ಸಿಗೆ ಬೇಕಾದದ್ದು ಡೈಯ (ತಗಡಿಗೆ ಆಕಾರ ಕೊಡುವ ಅಚ್ಚಿನ) ಸುತ್ತ ಬಿಗಿದ ಜಾಲರಿ, ತಗಡು ತೂರುವಷ್ಟೇ ಕಿಂಡಿ, ಬಿಡಿ ತುಂಡು ಇಡಲು ಇಕ್ಕಳ ಅಥವಾ ಅಯಸ್ಕಾಂತದ ಹಿಡಿ.

ಕೀ ಸವೆದರೆ, ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗು ಸೋತರೆ ಪ್ರೆಸ್ಸು ಒಮ್ಮೆ ಒತ್ತಿದ್ದಕ್ಕೆ ಎರಡು ಬಾರಿ ಇಳಿಯುತ್ತದೆ. ಕೆಲಸಗಾರರು ಇದನ್ನು ಡಬಲ್ ಸ್ಟ್ರೋಕ್ ಎನ್ನುತ್ತಾರೆ. ಮೊದಲ ಏಟು ಮುಗಿಯಿತೆಂದು ತುಂಡು ತೆಗೆಯಲು ಕೈ ಹಾಕಿದಾಗಲೇ ಎರಡನೆಯದು. ಒಮ್ಮೆ ಹೀಗಾದರೂ ಆ ಪ್ರೆಸ್ಸನ್ನು ಅಲ್ಲಿಯೇ ನಿಲ್ಲಿಸಬೇಕು, ‘ಶಿಫ್ಟ್ ಮುಗೀಲಿ’ ಎನ್ನುವುದು ಬೇಡ. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ಸುಗಳಲ್ಲಿ ಒಂದು ಗುಂಡಿಗೆ ರಬ್ಬರ್ ಕಟ್ಟಿ, ಕಲ್ಲು ಹೇರಿ ಒಂದೇ ಕೈಯಲ್ಲಿ ನಡೆಸುವುದು ಪೀಸ್ ರೇಟಿನ ಒತ್ತಡದ ಫಲ. ತುಂಡಿಗಿಷ್ಟು ಎಂದು ಕೂಲಿ ನಿಗದಿ ಮಾಡಿದವರು ಆ ರಬ್ಬರಿನ ಹೊಣೆಯನ್ನೂ ಹೊರಬೇಕು.

ಇನ್ನು ಆ್ಯಂಗಲ್ ಗ್ರೈಂಡರು. 4 ಇಂಚಿನ ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್, ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಅದರ ಗಾರ್ಡು ತೆಗೆದು, ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕಿ, ಒಂದೇ ಕೈಯಲ್ಲಿ ಹಿಡಿಯುವುದು ಎಲ್ಲೆಡೆ ಕಾಣುತ್ತದೆ. ಹಲ್ಲು ಮರದ ಗಂಟಿಗೆ ಕಚ್ಚಿದ ಕ್ಷಣ ಗ್ರೈಂಡರು ಹಿಡಿದವರ ಕಡೆಗೇ ಚಿಮ್ಮುತ್ತದೆ. ಮರಕ್ಕೆ ಮರದ ಗರಗಸವೇ ಬೇಕು. ಡಿಸ್ಕಿನ ಮೇಲೆ ಬರೆದ ಗರಿಷ್ಠ ವೇಗ ಗ್ರೈಂಡರಿನ ವೇಗಕ್ಕಿಂತ ಹೆಚ್ಚಿರಬೇಕು, ಬಿದ್ದು ಬಿರುಕು ಬಿಟ್ಟ ಡಿಸ್ಕನ್ನು ಎಸೆಯಬೇಕು, ಪಕ್ಕದ ಹಿಡಿ ಹಾಕಿಯೇ ಎರಡು ಕೈಯಲ್ಲಿ ಹಿಡಿಯಬೇಕು.

ಕೈ ಸಿಕ್ಕಿಕೊಂಡೇ ಬಿಟ್ಟರೆ

ಎಳೆಯಬೇಡಿ. ಲಿವರ್ ನ್ಯೂಟ್ರಲಿಗೆ, ಕರೆಂಟು ಬಂದ್, ಪ್ಲಗ್ಗು ಹೊರಗೆ. ರೋಲರನ್ನು ಮೋಟಾರಿನಿಂದ ಹಿಂದಕ್ಕೆ ತಿರುಗಿಸಬೇಡಿ, ಒಳಗೆ ಹೋಗುವಾಗ ಜಜ್ಜಿದ ಹಲ್ಲುಗಳು ಹೊರಗೆ ಬರುವಾಗ ಉಳಿದ ಚರ್ಮವನ್ನೂ ಸುಲಿಯುತ್ತವೆ. ಮೇಲಿನ ರೋಲರನ್ನು ಒತ್ತಿ ಹಿಡಿದ ಸ್ಪ್ರಿಂಗಿನ ಬೋಲ್ಟುಗಳನ್ನು ಸಡಿಲಿಸಿ, ರೋಲರ್ ಎತ್ತಿ ಕೈ ಬಿಡಿಸಬೇಕು. ಅದಕ್ಕೆ ಸರಿಯಾದ ಅಳತೆಯ ಸ್ಪ್ಯಾನರು ಯಂತ್ರದ ಕಾಲಿಗೇ ಕಟ್ಟಿರಲಿ. ಬಿಡಿಸಲಾಗದಿದ್ದರೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳ ಮತ್ತು ಆ್ಯಂಬುಲೆನ್ಸ್ ಎರಡನ್ನೂ ಕೇಳಿ, ಆ್ಯಂಬುಲೆನ್ಸಿಗೆ 108.

ರಕ್ತ ನಿಲ್ಲಿಸಲು ಶುದ್ಧ ಬಟ್ಟೆಯಿಟ್ಟು ಗಾಯದ ಮೇಲೇ ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಬೇಕು. ಹತ್ತು ನಿಮಿಷ ಬಿಡದೆ, ನಡುವೆ ತೆಗೆದು ನೋಡದೆ ಒತ್ತಿದರೆ ಬೆರಳಿನ ಗಾಯದ ರಕ್ತ ಬಹುಪಾಲು ನಿಲ್ಲುತ್ತದೆ. ಅರಿಸಿನ, ಕಾಫಿ ಪುಡಿ, ಸುಣ್ಣ, ಬೂದಿ, ಸೀಮೆಎಣ್ಣೆ ಯಾವುದೂ ಬೇಡ. ಇವು ರಕ್ತ ನಿಲ್ಲಿಸಿದಂತೆ ಕಂಡರೂ ಗಾಯದೊಳಗೆ ಸೇರಿ, ಮುಂದೆ ಒಂದು ಮಿಲಿಮೀಟರ್ ದಪ್ಪದ ರಕ್ತನಾಳ ಹೊಲಿಯಬೇಕಾದ ವೈದ್ಯರ ದಾರಿ ಹಾಳುಮಾಡುತ್ತವೆ. ಬೆರಳ ಬುಡಕ್ಕೆ ದಾರ, ರಬ್ಬರ್ ಬ್ಯಾಂಡ್ ಬಿಗಿಯಬಾರದು. ಮಣಿಕಟ್ಟು ಅಥವಾ ಅದಕ್ಕಿಂತ ಮೇಲೆ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದಾಗ ಮಾತ್ರ ನಾಲ್ಕು ಬೆರಳಗಲದ ಬಟ್ಟೆಯಿಂದ ತೋಳಿಗೆ ಬಿಗಿದು, ಬಿಗಿದ ಸಮಯವನ್ನು ಚೀಟಿಯಲ್ಲಿ ಬರೆದಿಡಬೇಕು. ಉಂಗುರ, ಬಳೆ ತಕ್ಷಣ ತೆಗೆಯಿರಿ. ಅರ್ಧ ಗಂಟೆಯಲ್ಲಿ ಕೈ ಊದಿಕೊಂಡರೆ ಅವೇ ರಕ್ತ ಓಡದಂತೆ ಕಟ್ಟಿಹಾಕುತ್ತವೆ.

ಬೆರಳು ತುಂಡಾಗಿ ಬಿದ್ದಿದ್ದರೆ ಅದನ್ನು ಹುಡುಕಿ ತರಲೇಬೇಕು, ಎಷ್ಟೇ ಜಜ್ಜಿದ್ದರೂ. ಮರುಜೋಡಣೆಗೆ ಬಾರದಿದ್ದರೂ ಅದರ ಚರ್ಮ, ಉಗುರು ಉಳಿದ ಬೆರಳಿಗೆ ಉಪಯೋಗವಾಗಬಹುದು. ಶುದ್ಧ ನೀರಿನಲ್ಲಿ ಮಣ್ಣು ಹೋಗುವಷ್ಟು ಮಾತ್ರ ತೊಳೆದು, ಸಲೈನಿನಲ್ಲಿ ಅಥವಾ ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ನೀರು ನುಗ್ಗದಂತೆ ಕಟ್ಟಿ. ಆ ಕವರನ್ನು ನೀರು ಮತ್ತು ಐಸ್ ಬೆರೆತ ಇನ್ನೊಂದು ಕವರಿನಲ್ಲೋ ಡಬ್ಬಿಯಲ್ಲೋ ಇಡಿ. ಐಸು ನೇರವಾಗಿ ಬೆರಳಿಗೆ ತಾಗಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸತ್ತುಹೋಗುತ್ತವೆ, ಫ್ರೀಜರಿನಲ್ಲಿಟ್ಟರೂ ಅಷ್ಟೇ. ಸ್ಪಿರಿಟ್ಟು, ಡೆಟಾಲು, ಹಾಲು ಯಾವುದರಲ್ಲೂ ಮುಳುಗಿಸಬಾರದು. ಚರ್ಮದ ಒಂದು ಎಳೆಯಲ್ಲಿ ನೇತಾಡುತ್ತಿದ್ದರೆ ಕತ್ತರಿಸಬೇಡಿ. ಆ ಎಳೆಯಲ್ಲೇ ಒಂದು ಸಿರೆ ಉಳಿದಿರಬಹುದು. ನೇರ ಹಿಡಿದು ಕಟ್ಟಿ ಕರೆದೊಯ್ಯಿರಿ.

ಬೆರಳಿನಲ್ಲಿ ಮಾಂಸಖಂಡ ಇಲ್ಲ, ಆದ್ದರಿಂದ ರಕ್ತವಿಲ್ಲದೆ ಹೆಚ್ಚು ಹೊತ್ತು ತಾಳುತ್ತದೆ. ಹೀಗೆ ತಂಪಾಗಿಟ್ಟರೆ 24 ಗಂಟೆಯವರೆಗೂ ಜೋಡಿಸುವ ಆಸೆ ಇಟ್ಟುಕೊಳ್ಳಬಹುದು. ಮಣಿಕಟ್ಟಿನಿಂದ ಮೇಲೆ ತುಂಡಾದರೆ ಅಲ್ಲಿ ಮಾಂಸಖಂಡ ಇರುವುದರಿಂದ ತಂಪಿಲ್ಲದಿದ್ದರೆ 6 ಗಂಟೆಯೇ ಮಿತಿ. ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯ್ ಎಂಬ ವೈದ್ಯರು ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದಡಿ ಮೊದಲ ಬಾರಿಗೆ ಜೋಡಿಸಿದ್ದು 1965ರಲ್ಲಿ. ಈಗ ನಮ್ಮ ದೊಡ್ಡ ನಗರಗಳಲ್ಲಿ ಈ ಸೌಲಭ್ಯ ಇದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಈ ಕೆಲಸಕ್ಕೇ ಹೆಸರಾಗಿದೆ. ಸಮಯ ಹಾಳಾಗುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದರಲ್ಲಿ. ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಧನುರ್ವಾಯು ಚುಚ್ಚುಮದ್ದು ಹಾಕಿಸಿ, ಹೊರಡುವ ಮೊದಲೇ ಫೋನ್ ಮಾಡಿ ‘ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಈಗ ಇದ್ದಾರಾ’ ಎಂದು ನೇರವಾಗಿ ಕೇಳಬೇಕು. ಎಷ್ಟು ಹೊತ್ತಿಗೆ ಆಯಿತು, ಯಾವ ಬೆರಳು, ಕೊಯ್ದದ್ದೋ ಜಜ್ಜಿದ್ದೋ ಎಂದು ಹೇಳಿ. ಗಾಯಾಳುವಿಗೆ ನೀರು, ಕಾಫಿ, ಊಟ ಏನೂ ಕೊಡಬೇಡಿ, ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು. ಹೆಬ್ಬೆರಳಾದರೆ, ಹಲವು ಬೆರಳಾದರೆ, ಮಕ್ಕಳದಾದರೆ ಜೋಡಿಸುವ ಪ್ರಯತ್ನ ಮಾಡಲೇಬೇಕು.

ಸಣ್ಣದಾಗಿ ಕಾಣುವ ದೊಡ್ಡ ಗಾಯ

ಗಾಜು, ಕುಡುಗೋಲು, ಕಾಯಿ ಸುಲಿಯುವ ಕತ್ತಿಯಿಂದ ಅಂಗೈಗೆ ಬಿದ್ದ ಒಂದು ಸೆಂಟಿಮೀಟರ್ ಗಾಯ ರಕ್ತ ನಿಂತರೆ ಮರೆತೇ ಹೋಗುತ್ತದೆ. ಪ್ರತಿ ಬೆರಳಿನ ಪ್ರತಿ ಗಿಣ್ಣನ್ನೂ ಬೇರೆಬೇರೆಯಾಗಿ ಮಡಚಿ ನೋಡಿ. ತುದಿಯ ಗಿಣ್ಣು ಮಡಚದಿದ್ದರೆ ಅದನ್ನು ಎಳೆದು ಮಡಚುವ ಸ್ನಾಯುರಜ್ಜು ತುಂಡಾಗಿದೆ. ಬೆರಳಿನ ಒಂದು ಬದಿ ಜೋಮು ಹಿಡಿದಂತಿದ್ದರೆ ನರ ಕಡಿದಿದೆ. ಬರಿ ಚರ್ಮಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದರೆ ವಾರಗಳ ನಂತರ ರಜ್ಜು ಒಳಗೆ ಸರಿದು ಕುಗ್ಗಿರುತ್ತದೆ, ಆಗ ಜೋಡಿಸುವುದು ಎರಡು ಶಸ್ತ್ರಚಿಕಿತ್ಸೆಯ ಕೆಲಸ.

ಇದಕ್ಕಿಂತ ಮೋಸದ್ದು ಒತ್ತಡದ ಎಣ್ಣೆಯ ಗಾಯ. ಟ್ರ್ಯಾಕ್ಟರ್, ಜೆಸಿಬಿಯ ಹೈಡ್ರಾಲಿಕ್ ಪೈಪಿನಲ್ಲಿ ಸೋರಿಕೆ ಎಲ್ಲಿದೆ ಎಂದು ಬೆರಳಿನಿಂದ ತಡವಿ ನೋಡುವಾಗ, ಗ್ರೀಸ್ ಗನ್ನು, ಪೇಂಟ್ ಸ್ಪ್ರೇ, ಡೀಸೆಲ್ ಇಂಜೆಕ್ಟರು ಪರೀಕ್ಷಿಸುವಾಗ ಸೂಜಿ ಚುಚ್ಚಿದಷ್ಟು ತೂತು ಬೀಳುತ್ತದೆ. ಮೊದಲ ಗಂಟೆ ಹೆಚ್ಚು ನೋವೂ ಇರದಿರಬಹುದು. ಒಳಗೆ ಎಣ್ಣೆ ರಜ್ಜುವಿನ ಗೂಡಿನುದ್ದಕ್ಕೂ ಅಂಗೈಯವರೆಗೆ ಹರಡಿ ಮಾಂಸವನ್ನು ಕೊಲ್ಲುತ್ತಿರುತ್ತದೆ. ತಡಮಾಡಿದರೆ ಬೆರಳು ಕತ್ತರಿಸಬೇಕಾಗುತ್ತದೆ. ತೂತು ಎಷ್ಟೇ ಚಿಕ್ಕದಿರಲಿ, ಅದೇ ಹೊತ್ತಿನಲ್ಲಿ ಕೈಯ ಶಸ್ತ್ರವೈದ್ಯರನ್ನು ಕಂಡು ‘ಒತ್ತಡದಿಂದ ಎಣ್ಣೆ ಒಳಗೆ ಹೋಗಿದೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು.

ಆಮೇಲಿನ ತಿಂಗಳುಗಳು, ಮತ್ತು ಪರಿಹಾರ

ಜೋಡಿಸಿದ ಬೆರಳಿಗೆ ತಂಬಾಕು ದೊಡ್ಡ ಶತ್ರು. ಬೀಡಿ, ಗುಟ್ಕಾ ಎರಡೂ ಹೊಸದಾಗಿ ಹೊಲಿದ ರಕ್ತನಾಳವನ್ನು ಬಿಗಿಯುತ್ತವೆ. ಹೊಲಿದ ರಜ್ಜುವಿಗೆ ಕೆಲವೇ ದಿನಗಳಲ್ಲಿ ತರಬೇತಾದವರ ಮುಂದೆ ಹದವಾದ ವ್ಯಾಯಾಮ ಶುರುವಾಗಬೇಕು, ಬೆರಳಿಗೆ ಆಸರೆಯಾಗಿ ಕಟ್ಟುವ ಸ್ಪ್ಲಿಂಟ್ ಸುಮಾರು 6 ವಾರ, ಭಾರದ ಕೆಲಸಕ್ಕೆ ಸುಮಾರು 12 ವಾರ. ನೋವೆಂದು ಅಲುಗಿಸದೆ ಬಿಟ್ಟರೆ ಅಂಟಿಕೊಂಡು ಬೆರಳು ಕೋಲಾಗುತ್ತದೆ. ನರ ದಿನಕ್ಕೆ ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ. ಮಣಿಕಟ್ಟಿನಲ್ಲಿ ಹೊಲಿದ ನರ ಬೆರಳ ತುದಿ ತಲುಪಲು ಆರು ತಿಂಗಳು ಹಿಡಿಯುವುದು ಸಹಜ. ಅಲ್ಲಿಯವರೆಗೆ ಆ ಬೆರಳಿಗೆ ಬಿಸಿ ತಿಳಿಯುವುದಿಲ್ಲ, ಒಲೆಯ ಬಳಿ, ಬಿಸಿ ಪಾತ್ರೆಯ ಬಳಿ ಕಣ್ಣಿನಿಂದಲೇ ಕಾಯಬೇಕು.

ಕೆಲಸದ ವೇಳೆ ಆದ ಗಾಯಕ್ಕೆ 1923ರ ಪರಿಹಾರ ಕಾಯಿದೆಯ ಪಟ್ಟಿ ದುಡಿಯುವ ಶಕ್ತಿಯ ನಷ್ಟವನ್ನು ಅಂಕಿಯಲ್ಲಿ ಹೇಳಿತ್ತು: ಪೂರ್ತಿ ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ ಶೇ. 14, ನಡುಬೆರಳಿಗೆ ಶೇ. 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ ಶೇ. 7, ಒಂದು ಕೈಯ ನಾಲ್ಕೂ ಬೆರಳಿಗೆ ಶೇ. 50. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇಂಥ ಪಟ್ಟಿ ಇಟ್ಟುಕೊಂಡಿದೆ. ಇದು ಕಾರ್ಖಾನೆಯವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಯಂತ್ರಶಕ್ತಿಯಿಂದ ನಡೆಯುವ ಬೇಸಾಯದ ಕೆಲಸಕ್ಕೆ ಕೂಲಿಗೆ ಬಂದವರೂ ಆ ಕಾಯಿದೆಯ ವ್ಯಾಪ್ತಿಯಲ್ಲೇ ಇದ್ದರು, ಆದ್ದರಿಂದ ಒಕ್ಕಣೆಗೆ ಕರೆದ ರೈತನಿಗೂ ಹೊಣೆ ಇದೆ. ಆಸ್ಪತ್ರೆಯ ಮೊದಲ ಚೀಟಿಯಲ್ಲೇ ‘ಯಂತ್ರದಲ್ಲಿ, ಕೆಲಸದ ವೇಳೆ’ ಎಂದು ಬರೆಸಿ, ಯಾವ ಯಂತ್ರ, ಎಷ್ಟು ಹೊತ್ತಿಗೆ ಎಂಬುದೂ ಇರಲಿ. ಯಂತ್ರದ ಬಾಯಿ, ದೋಣಿ, ಮುಚ್ಚಳದ ಫೋಟೊ ಅದೇ ದಿನ ತೆಗೆದಿಡಿ. ಮರುದಿನದ ಹೊತ್ತಿಗೆ ಗಾರ್ಡು ಬೆಸೆದು ಕೂರಿಸಿಬಿಟ್ಟರೆ, ಮೊದಲು ಅದು ಇರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಸಿಗುವುದು ಕಷ್ಟ.